ಇಪ್ಪತ್ತು ಪೈಸೆಯೊಳಗಿನ ಇಪ್ಪತ್ತೈದು

ಕೊಯ್ಲು ಶುರುವಾದರೆ ಕೊಟ್ಟಿಗೆಹಾರದ ಹಬೀಬುರ್ರಹ್ಮಾನ್ ಅವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲಿ ಕೆಟ್ಟರೂ ಅವರಿಗೇ ಕರೆ. ಮಳೆಗಾಲದಲ್ಲಿ ಮಾತ್ರ ವರ್ಕ್‌ಶಾಪು ತಣ್ಣಗಿರುತ್ತದೆ. ಆಗ ಅವರು ಭೂತಗನ್ನಡಿ ಹಿಡಿದು ನಾಣ್ಯ ನೋಡುತ್ತಾ ಕೂರುತ್ತಾರೆ. ಬರೀ ಹಳೆಯ ನಾಣ್ಯವಾದರೆ ಅವರಿಗೆ ಬೇಡ. ಟಂಕಸಾಲೆಯಲ್ಲೇ ಅಚ್ಚು ತಪ್ಪಿ ಬಂದದ್ದಿರಬೇಕು.

ಈ ಹುಚ್ಚು ಹತ್ತಿದ್ದು ಚಹಾದಂಗಡಿಯಲ್ಲಿ. ಚಿಲ್ಲರೆಯಲ್ಲಿ ಬಂದ ಒಂದು ರೂಪಾಯಿಯ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರಕ್ಕೆ ಜಾಗ ಬೋಳಾಗಿತ್ತು. ಸವೆದಿದೆ ಎಂದರು ಅಂಗಡಿಯವರು. ಹಬೀಬ್‌ಗೆ ಹಾಗೆ ಕಾಣಲಿಲ್ಲ. ಬಿಲ್ಲೆ ಜರುಗಿದೆ, ಅಚ್ಚು ಪಕ್ಕಕ್ಕೆ ಬಿದ್ದಿದೆ. ನಾಣ್ಯವೂ ಒಂದು ಮೆಷಿನ್ನಿನಿಂದಲೇ ಬರುವುದಲ್ಲವೇ! ಆಮೇಲೆ ನೋಡಿ ನೋಡಿಯೇ ಕಲಿತರು. ಅಚ್ಚು ಸೀಳಿದ್ದರೆ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಬರುತ್ತದೆ. ಅಚ್ಚು ಸಡಿಲವಾಗಿ ತಿರುಗಿದ್ದರೆ ಸಿಂಹ ನೆಟ್ಟಗಿರುವಾಗ ಹಿಂದಿನ ಅಂಕೆ ಓರೆಯಾಗಿ ನಿಲ್ಲುತ್ತದೆ.

“ಟಂಕಸಾಲೇಲೂ ನಮ್ ಥರಾನೇ ಒಬ್ಬ ಬೋಲ್ಟ್ ಬಿಗಿ ಮಾಡೋದು ಮರ್ತಿರ್ತಾನೆ ಮಾರಾಯ್ತಿ,” ಎಂದು ಹೆಂಡತಿ ಕರೀಮುನ್ನೀಸಾಗೆ ತೋರಿಸುತ್ತಾರೆ.

“ಅವನ್ದು ಹಾಗಿರ್ಲಿ. ನಮ್ಮನೆ ನಲ್ಲಿ ತೊಟ್ಟಿಕ್ತಾ ಇದೆ, ಅದನ್ಯಾರು ಬಿಗಿ ಮಾಡೋದು?”

ಹೋದ ವರ್ಷ ಗೌರಿಹಬ್ಬ ಕಳೆದ ಮೇಲೆ ಮಲ್ಲಂದೂರಿನ ಶಂಕರಮ್ಮ ಹಬೀಬ್‌ರನ್ನು ಹುಡುಕಿಕೊಂಡು ಬಂದರು. ವಿಭೂತಿಯ ಕರಡಿಗೆ ತೆರೆದು ಅಲ್ಯೂಮಿನಿಯಮ್ಮಿನ ಆರು ಮೂಲೆಯ ಇಪ್ಪತ್ತು ಪೈಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸಿಂಹದ ಬದಿಯಲ್ಲಿ ‘25’ ಎಂಬ ಅಂಕೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಿನಲ್ಲಿ ಒತ್ತಿಕೊಂಡಿತ್ತು.

ಅವರ ತೀರಿಹೋದ ಯಜಮಾನರು ಚಂದ್ರಶೇಖರಪ್ಪ ಅದನ್ನು ತಮ್ಮ ತೋಟದ ಪಲ್ಪರ್ ಶೆಡ್ಡಿನ ಚರಂಡಿಯಲ್ಲಿ ಹೆಕ್ಕಿದ್ದರು. ಟಂಕಸಾಲೆಯದೇ ತಪ್ಪೆಂದು ನಂಬಿ, ಹಿಗ್ಗಿನಿಂದ ಚಿಕ್ಕಮಗಳೂರಿನ ನಾಣ್ಯಸಂಗ್ರಾಹಕರ ಮೇಳಕ್ಕೆ ಒಯ್ದಿದ್ದರು. ಅಲ್ಲಿ ಒಬ್ಬಾತ ಎಲ್ಲರೆದುರು, “ಏನ್ ಯಜಮಾನ್ರೇ, ವೈಸಿಗೆ ಹಾಕಿ ಹಿಂಡ್ಕೊಂಡ್ ಬಂದ್ರಾ?” ಎಂದು, ಇಕ್ಕಳದಂತೆ ಕಚ್ಚುವ ವೈಸಿನಲ್ಲಿ ಅವರೇ ಒತ್ತಿ ತಂದರೆನ್ನುವ ಹಾಗೆ ನಕ್ಕಿದ್ದ. ಚಂದ್ರಶೇಖರಪ್ಪ ಮತ್ತೆ ಅತ್ತ ಕಾಲಿಡಲಿಲ್ಲ.

“ಅವ್ರು ಹಿಂಡಿದ್ರಾ, ಇಲ್ವಾ? ನಂಗಷ್ಟೇ ಗೊತ್ತಾಗ್ಬೇಕು ಹಬೀಬಣ್ಣ,” ಎಂದರು ಶಂಕರಮ್ಮ.

ಹಬೀಬ್ ಬಹಳ ಹೊತ್ತು ನೋಡಿದರು. ಒತ್ತಿದ ಅಂಕೆಯ ಅಡಿಯಲ್ಲಿ ಸಿಂಹ ಜಜ್ಜಿಹೋಗಿ ಇನ್ನೂ ಕಾಣುತ್ತಿತ್ತು. ಅಂದರೆ ನಾಣ್ಯ ಪೂರ್ತಿ ತಯಾರಾದ ಮೇಲೆ ಬಿದ್ದ ಒತ್ತು ಅದು.

“ಇದು ಟಂಕಸಾಲೆ ತಪ್ಪಲ್ಲಮ್ಮ.”

ಶಂಕರಮ್ಮನ ಮುಖ ಬಾಡಿತು. “ಟಂಕಸಾಲೆದೇ ಅಂತ ಒಂದ್ ಮಾತು ಹೇಳ್ಬಿಡಿ. ನೀವು ಹೇಳಿದ್ರೆ ಯಾರೂ ಎದುರಾಡಲ್ಲ.”

“ಹ್ಯಾಗೆ ಹೇಳ್ಲಮ್ಮ? ನಾಳೆ ಇನ್ನೊಬ್ರು ನೋಡಿ ಮತ್ತೆ ನಗ್ತಾರೆ. ಆಗ ಯಜಮಾನ್ರಿಗೆ ಎರಡನೇ ಸಲ ಅವಮಾನ.”

ಆದರೆ ಅಷ್ಟಕ್ಕೇ ಅವರನ್ನು ಕಳಿಸಿಬಿಡಲೂ ಹಬೀಬ್‌ಗೆ ಮನಸ್ಸು ಬರಲಿಲ್ಲ. ತಮ್ಮ ಡಬ್ಬಿಯಿಂದ ಅಂಥದೇ ಒಂದು ಇಪ್ಪತ್ತು ಪೈಸೆ, ಒಂದು ಇಪ್ಪತ್ತೈದು ಪೈಸೆ ತೆಗೆದು, ಜೋಡಿಸಿ, ವೈಸಿನಲ್ಲಿಟ್ಟು ಹಿಂಡಿದರು. ಇಪ್ಪತ್ತು ಪೈಸೆಯ ಬೆನ್ನಿನ ತುಂಬ ವೈಸಿನ ಹಲ್ಲಿನ ಗುರುತು ಮೂಡಿತು. ಶಂಕರಮ್ಮನ ನಾಣ್ಯದ ಬೆನ್ನಿನಲ್ಲಿ ಹಲ್ಲೇ ಇಲ್ಲ. ಚಪ್ಪಟೆಯಾಗಿ ನುಣ್ಣಗಿತ್ತು, ಒಂದು ಮೂಲೆಯಲ್ಲಿ ಕಬ್ಬಿಣದ ತುಕ್ಕು ಹತ್ತಿತ್ತು. ಹಬೀಬ್ ತಟ್ಟನೆ ತಲೆಯೆತ್ತಿದರು.

“ಆ ಪಲ್ಪರ್ ಇನ್ನೂ ಇದ್ಯಾ?”

“ಇದೆ. ಈಗ ಹಣ್ಣನ್ನ ಹಾಗೇ ಒಣಗಿಸ್ತೀವಲ್ಲ, ಅದ್ರ ಮೇಲೆ ಕೋಳಿ ಕೂರ್ತವೆ.”

ಕೊಯ್ಲಿನ ಗಡಿಬಿಡಿಯಲ್ಲಿ ಪಲ್ಪರ್ ಅಲ್ಲಾಡಿದರೆ ಕಾಲಡಿಗೆ ತಗಡು ಒತ್ತುಕೊಡಬೇಕು. ತಗಡು ಸಿಗದಿದ್ದರೆ ಜೇಬಿನ ಚಿಲ್ಲರೆಯನ್ನೇ ತುರುಕಿ ಬೋಲ್ಟು ಬಿಗಿಯುವುದು ಈ ಕಡೆಯ ಮೆಕ್ಯಾನಿಕ್ಕುಗಳ ರೂಢಿ. ಹಬೀಬ್ ತಾವೂ ಎಷ್ಟೋ ಸಲ ಹಾಗೆ ಮಾಡಿದ್ದರು.

ಮರುದಿನ ಮಲ್ಲಂದೂರಿಗೆ ಹೋಗಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಬಿಸ್ಮಿಲ್ಲಾ ಎಂದು ಸ್ಪ್ಯಾನರ್ ಹಾಕಿದರು. ಶಂಕರಮ್ಮ ಪಕ್ಕದಲ್ಲೇ ನಿಂತು ಬಾಯೊಳಗೆ ‘ಶಿವ ಶಿವ’ ಎನ್ನುತ್ತಿದ್ದರು. ಮೊದಲ ಕಾಲಡಿಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ತಗಡು. ಮೂರನೆಯದರಲ್ಲೂ ತಗಡು. ಶಂಕರಮ್ಮನ ಜಪ ನಿಂತೇಹೋಯಿತು. ಕೊನೆಯ ಬೋಲ್ಟು ಸಡಿಲವಾಗಿತ್ತು. ಹಾರೆಯಿಂದ ಆ ಕಾಲನ್ನು ಮೀಟಿದಾಗ ಅಡಿಯಲ್ಲಿ ದುಂಡಗಿನದೊಂದು ತುಕ್ಕಿಗೆ ಅಂಟಿಕೊಂಡಿತ್ತು. ಕೆರೆದು ತೆಗೆದರು. ಇಪ್ಪತ್ತೈದು ಪೈಸೆ!

ಯಂತ್ರ ನಡುಗಿ ನಡುಗಿ ಜೊತೆಯಲ್ಲಿದ್ದ ಇಪ್ಪತ್ತು ಪೈಸೆ ಜಾರಿ ಚರಂಡಿಗೆ ಬಿದ್ದಿತ್ತು, ಇದು ಉಳಿದಿತ್ತು. ಹಬೀಬ್ ಅದನ್ನು ಶಂಕರಮ್ಮನ ಅಂಗೈಯಲ್ಲಿಟ್ಟು, “ನೀವೇ ಜೋಡಿಸಿ ನೋಡಿ” ಎಂದರು. ಇಡ್ಲಿ ತಟ್ಟೆಯ ಗುಳಿಯಲ್ಲಿ ಇಡ್ಲಿ ಕೂರುವಂತೆ ಕೂತಿತು. ಐದರ ಹೊಟ್ಟೆಯಲ್ಲಿದ್ದ ಸಣ್ಣ ಕಚ್ಚು ಕೂಡ ಆ ತಗ್ಗಿನಲ್ಲಿ ಅದೇ ಜಾಗಕ್ಕಿತ್ತು.

“ಹಿಂಡಿದ್ದು ಇದು!” ಶಂಕರಮ್ಮ ಪಲ್ಪರ್‌ಗೆ ಫಟ್ಟನೆ ಒಂದೇಟು ಕೊಟ್ಟರು. ಕೋಳಿಗಳು ಗಾಬರಿಯಾಗಿ ಹಾರಿದವು. “ಅಯ್ಯೋ ಪಾಪಿ, ನೀನು ಹಿಂಡಿ ನಮ್ಮ ಯಜಮಾನ್ರಿಗೆ ಮಾತು ಕೇಳಿಸ್ದ್ಯಲ್ಲೋ!” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹಬೀಬ್ ಆಗಲೇ ತಗಡು ಕತ್ತರಿಸಿ ಕಾಲಡಿಗೆ ಕೊಡುತ್ತಿದ್ದರು.

“ಓಡ್ಸೋದೇ ಇಲ್ವಲ್ಲ ಹಬೀಬಣ್ಣ, ಯಾಕೆ ಬಿಗಿ ಮಾಡ್ತೀರಿ?”

“ಬಿಚ್ಚಿದ್ದನ್ನ ಹಾಗೇ ಬಿಟ್ಟು ಹೋಗೋಕಾಗುತ್ತಾ ಅಮ್ಮ?”

ಆ ವರ್ಷದ ಮೇಳಕ್ಕೆ ಶಂಕರಮ್ಮನೇ ಹೋದರು. ಹಬೀಬ್ ಜೊತೆಗಿದ್ದರೂ ಪಕ್ಕಕ್ಕೆ ಸರಿದು ನಿಂತರು. ಶಂಕರಮ್ಮ ಮೇಜಿನ ಮೇಲೆ ಎರಡೂ ನಾಣ್ಯವನ್ನು ಅಕ್ಕಪಕ್ಕ ಇಟ್ಟು, ಬಂದವರೆದುರೆಲ್ಲ ಜೋಡಿಸಿ, ಬಿಡಿಸಿ ತೋರಿಸಿದರು. ಅಂದು ನಕ್ಕಾತನೂ ಬಂದು ಬಗ್ಗಿ ನೋಡಿದ. ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ನೋಡಿದ.

“ಇಂಥದ್ದು ನಾನೆಲ್ಲೂ ಕಂಡಿಲ್ಲ. ಯಾರ್ದಮ್ಮ ಇದು?”

“ಮಲ್ಲಂದೂರು ಚಂದ್ರಶೇಖರಪ್ಪನವರದು,” ಎಂದರು ಶಂಕರಮ್ಮ, ಹಿಂದೆ ನಿಂತವರಿಗೂ ಕೇಳುವ ಹಾಗೆ.