ಗುಂಪಿನ ಟಪಾಲನ್ನು ಬೇರೆ ಮಾಡಿದ ಮೇಲೆ

ಎರಡು ಸಾವಿರದ ನಂತರದ ಮೊದಲ ವರ್ಷಗಳು. ನಾನು ಮಗ್ಗೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆ ಆಲೂರಿನಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸಿಳಿದರೆ ನೇರ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದೆ. ಅದು ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಯಜಮಾನರು ಅವರೇ, ಬೆಂಚುಗಳೂ ಅವೇ. ಟೈಪ್‌ರೈಟರ್‌ಗಳ ಜಾಗದಲ್ಲಿ ಕಂಪ್ಯೂಟರ್‌ಗಳು ಬಂದಿದ್ದವು, ಅಷ್ಟೇ.

ಅಲ್ಲಿಗೆ ಹೋಗುತ್ತಿದ್ದುದು ತಂಗಿಗೋಸ್ಕರ. ಅವಳ ಗಂಡನಿಗೆ ಅಸ್ಸಾಮಿನ ಟೀ ತೋಟವೊಂದರಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋಗಿದ್ದರು. ತೋಟದ ಫೋನು ಕೆಟ್ಟಿರುವ ದಿನವೇ ಜಾಸ್ತಿ. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಅವಳು ಇ-ಮೇಲ್ ಬರೆಯುತ್ತಿದ್ದಳು. ನಾನು ಅದನ್ನು ಪ್ರಿಂಟ್ ತೆಗೆಸಿ, ಭಾನುವಾರ ಬೆಳಗೋಡಿನ ತವರಿಗೆ ಹೋಗಿ ಅಮ್ಮನಿಗೆ ಓದಿ ಹೇಳುತ್ತಿದ್ದೆ.

ಆ ಹೊತ್ತಿಗೇ ನಾನೊಂದು ಇ-ಮೇಲ್ ಗುಂಪಿಗೆ ಸೇರಿಕೊಂಡೆ. ಸಕಲೇಶಪುರ, ಆಲೂರು ಕಡೆಯಿಂದ ಊರೂರಿಗೆ ಚದುರಿಹೋದವರು ಕಟ್ಟಿಕೊಂಡ ಗುಂಪು. ಒಬ್ಬರು ಬರೆದದ್ದು ಎಲ್ಲರ ಪೆಟ್ಟಿಗೆಗೂ ಬಂದು ಬೀಳುತ್ತಿತ್ತು. ತಂಗಿಗೆ ಬೇಜಾರು ಕಳೆಯಲಿ ಅಂತ ಅವಳ ಹೆಸರನ್ನೂ ನಾನೇ ಸೇರಿಸಿದೆ.

ಮೊದಮೊದಲು ಚೆನ್ನಾಗಿತ್ತು. ಆಮೇಲೆ ಕಾಫಿ ಗಿಡ ಅರಳಿಸುವ ಹೂವಿನ ಮಳೆಯ ಕಾಲ ಬಂತು ನೋಡಿ, ಗುಂಪು ಹುಚ್ಚೆದ್ದು ಹೋಯಿತು. 'ನಿಮ್ಮಲ್ಲಿ ಮಳೆ ಬಂತಾ?' ಅಂತ ಒಬ್ಬರು ಕೇಳಿದರೆ ಬಂದವರು, ಬಾರದವರು, ತೋಟವೇ ಇಲ್ಲದವರು ಎಲ್ಲರೂ ಉತ್ತರ ಕೊಡುವವರೇ. ಎಳೆ ಬಿದಿರಿನ ಕಳಲೆಯನ್ನು ಎಷ್ಟು ದಿನ ನೆನೆಸಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ಆಯಿತು. ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ. ಯಾರೋ ಪಾಪ 'ನನಗೆ ನಮ್ಮ ಹಳ್ಳಿ ನೆನಪಾಗುತ್ತೆ' ಅಂತ ಬರೆದದ್ದನ್ನು ಇನ್ನೊಬ್ಬರು 'ಹಲ್ಲಿ' ಅಂತ ಓದಿ, ಗೋಡೆಯ ಮೇಲೆ ನೋಡಿ ಸಮಾಧಾನ ಮಾಡ್ಕೊಳ್ಳಿ ಅಂದರು. ಆ ತಮಾಷೆಯೇ ವಾರವೆಲ್ಲ ನಡೆಯಿತು. ಇದರ ನಡುವೆ ತಂಗಿಯ ಪತ್ರ ಹುಡುಕುವುದೆಂದರೆ ಭತ್ತದ ರಾಶಿಯಲ್ಲಿ ಮೂಗುತಿ ಹುಡುಕಿದ ಹಾಗೆ. ಒಂದು ಶನಿವಾರ ಪೆಟ್ಟಿಗೆ ತುಂಬಿಹೋಗಿ, ಹೊಸ ಪತ್ರ ತಗೊಳ್ಳುವುದಿಲ್ಲ ಅಂತಲೇ ಹೇಳಿಬಿಟ್ಟಿತು.

"ಗುಂಪು ಬಿಟ್ಬುಡಿ ಟೀಚ್ರೇ, ತಲೆನೋವು ಹೋಗ್ತೈತೆ," ಅಂದರು ಸೆಂಟರಿನ ಯಜಮಾನರು.

ಬಿಡಲು ಮನಸ್ಸಿರಲಿಲ್ಲ. ಬಿಟ್ಟರೆ ಏನೋ ತಪ್ಪಿಹೋಗುತ್ತದೆ ಅನ್ನಿಸುತ್ತಿತ್ತು, ಇದ್ದರೆ ಉಸಿರು ಕಟ್ಟುತ್ತಿತ್ತು. ಅವರು ಅಲ್ಲಿ ಇಲ್ಲಿ ಒತ್ತಿ, ತಮಗೂ ಪೂರ್ತಿ ಗೊತ್ತಿಲ್ಲ ಅನ್ನುತ್ತಲೇ ಒಂದು ಏರ್ಪಾಟು ಮಾಡಿಕೊಟ್ಟರು. ಗುಂಪಿನ ಹೆಸರಿದ್ದ ಟಪಾಲೆಲ್ಲ ತಾನಾಗಿಯೇ ಬೇರೊಂದು ಖಾನೆಗೆ ಹೋಗಿ ಬೀಳಬೇಕು, ಮಿಕ್ಕದ್ದು ಮಾತ್ರ ಎದುರಿಗೆ ಬರಬೇಕು. ಮುಂದಿನ ಶನಿವಾರ ಹೋದರೆ ಪೆಟ್ಟಿಗೆ ಗುಡಿಸಿಟ್ಟ ಅಂಗಳದ ಹಾಗಿತ್ತು. ಎಷ್ಟು ಖುಷಿಯಾಯಿತೆಂದರೆ, ಆ ಖಾನೆಯನ್ನು ತೆರೆದು ನೋಡುವ ಗೋಜಿಗೇ ಹೋಗಲಿಲ್ಲ.

ಆದರೆ ತಂಗಿಯದೂ ಏನೂ ಬಂದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು 'ಹೇಗಿದ್ದೀಯ' ಅಂತ ಬರೆದೆ. 'ಚೆನ್ನಾಗಿದ್ದೀನಿ' ಅಂತ ಒಂದೇ ಸಾಲು ಬಂತು. ಅಮ್ಮ ಮಾತ್ರ ಭಾನುವಾರ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಏನು ಬರ್ದವ್ಳೆ?"

"ಚೆನ್ನಾಗವ್ಳಂತೆ ಕಣಮ್ಮ."

"ಅಷ್ಟೇನಾ? ನೀನೇನಾರ ಅಂದ್ಯಾ ಅವ್ಳಿಗೆ?"

ನಾನೇನಾದರೂ ಅಂದೆನಾ? ಬಸ್ಸಿನಲ್ಲಿ ಕೂತು ಹಳೆಯ ಮಾತುಗಳನ್ನೆಲ್ಲ ತಿರುವಿಹಾಕಿದೆ. ಏನೂ ಹೊಳೆಯಲಿಲ್ಲ.

ಒಂದು ಶನಿವಾರ ಹೊರಗೆ ಜೋರು ಮಳೆ, ಬೇಗ ಏಳುವ ಹಾಗಿರಲಿಲ್ಲ. ಸುಮ್ಮನೆ ಕೂರಲಾರದೆ ಆ ಖಾನೆ ತೆರೆದೆ. ತಂಗಿಯ ಹೆಸರು ಸಾಲುಸಾಲಾಗಿ ಕಂಡಿತು. ದಿನಾ ಬರೆದಿದ್ದಳು, ಒಂದೊಂದು ದಿನ ಎರಡು ಮೂರು ಸಲ. ಅಮ್ಮನ ಕಡುಬಿನ ಅಳತೆ, ನಮ್ಮ ಹಿತ್ತಲಿನ ಚಕ್ಕೋತದ ಮರ, ಚಿಕ್ಕವರಿದ್ದಾಗ ನಾನು ಅವಳನ್ನು ಗದ್ದೆಯ ಕೆಸರಿಗೆ ತಳ್ಳಿದ್ದು. ಅದಕ್ಕೆಲ್ಲ ಮುಖವೇ ನೋಡದ ಜನ ನಕ್ಕು, ಕನಿಕರಪಟ್ಟು, ಪ್ರಶ್ನೆ ಕೇಳಿ ಉತ್ತರ ಬರೆದಿದ್ದರು. 'ನಮ್ಮ ಅಸ್ಸಾಂ ತಂಗಿ' ಅಂತ ಕರೆಯುತ್ತಿದ್ದರು.

ಕೆಳಗೆ ಹೋದಂತೆ ದನಿ ಬದಲಾಗಿತ್ತು. ಇಲ್ಲಿ ಕನ್ನಡ ಮಾತಾಡುವವರು ಯಾರೂ ಇಲ್ಲ, ಗಂಡ ಹೊರಟ ಮೇಲೆ ಕೋಳಿಗಳ ಜೊತೆ ಮಾತಾಡುತ್ತೇನೆ, ಹೊಟ್ಟೆಗೆ ಊಟ ಸೇರುತ್ತಿಲ್ಲ ಅಂತ ಬರೆದಿದ್ದಳು. ಮನೆಯವರಿಗೆ ಹೇಳಿ ಅಂತ ಯಾರೋ ಬುದ್ಧಿ ಹೇಳಿದ್ದಕ್ಕೆ ಅವಳ ಉತ್ತರ: 'ಅಕ್ಕನಿಗೆ ಹೇಳಿದರೆ ಅಮ್ಮನಿಗೆ ಹೇಳುತ್ತಾಳೆ. ಅಮ್ಮ ಊಟ ಬಿಡುತ್ತಾಳೆ.'

ಸಿಟ್ಟು ಬಂತಾ, ಅಳು ಬಂತಾ, ಈಗ ಹೇಳಲಾರೆ. ಅವಳು ಹೇಳಿದ್ದು ನಿಜವಾಗಿತ್ತು. ಆದರೆ ನಾನೂ ಅದೇ ಗುಂಪಿನಲ್ಲಿದ್ದೇನೆ ಅಂತ ಅವಳಿಗೆ ಗೊತ್ತಲ್ಲ! ನಾನು ಓದುತ್ತೇನೆ ಅಂತ ಗೊತ್ತಿದ್ದೂ ನನಗೆ ಹೇಳುವುದಿಲ್ಲ ಅಂತ ಬರೆದರೆ, ಅದು ಹೇಳಿದ ಹಾಗಾ, ಹೇಳದ ಹಾಗಾ?

ಕಡುಬು, ಚಕ್ಕೋತದ ಪತ್ರಗಳನ್ನು ಮಾತ್ರ ಪ್ರಿಂಟ್ ತೆಗೆಸಿದೆ. ಅಮ್ಮ ಕೇಳಿ ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿ, "ಇದನ್ನ ಯಾರಿಗೆ ಬರ್ದಿರದು?" ಅಂದಳು.

"ಎಲ್ರಿಗೂ."

"ಎಲ್ರಿಗೂ ಅಂದ್ರೆ ಯಾರಿಗೇ?"

ವಿವರಿಸಲು ನೋಡಿದೆ. ಅರ್ಧಕ್ಕೆ ನನಗೇ ಗೊಂದಲವಾಗಿ ಬಿಟ್ಟೆ.

ಆ ವಾರ ಟೀ ತೋಟದ ಫೋನು ಹೇಗೋ ಸಿಕ್ಕಿತು. "ಯಾಕೇ ನಂಗೆ ಬರೀಲಿಲ್ಲ?" ಅಂದೆ.

"ಬರ್ದೆ ಕಣಕ್ಕ. ನೀನೂ ಅದ್ರಲ್ಲಿದ್ದೀಯಲ್ಲ. ಎಲ್ಲ ಓದಿ ಸುಮ್ನೆ ಕೂತವ್ಳೆ ಅಂತ ನಂಗೇ ಬೇಜಾರಾಗಿತ್ತು."

"ನಾನು ನೋಡೇ ಇಲ್ಲ ಕಣೇ. ಅವ್ರ ಗಲಾಟೆ ತಡೀಲಾರ್ದೆ ಬೇರೆ ಕಡೆ ಹಾಕ್ಬುಟ್ಟಿದ್ದೆ."

"ನನ್ನೂನಾ?"

ನಿನ್ನನ್ನಲ್ಲ ಅಂದೆ. ಆದರೆ ಅವಳನ್ನೂ ಹಾಕಿದ್ದೆನಲ್ಲ. ನೆಟ್ಟಗೆ ನನಗೇ ಹೇಳಬಾರದಿತ್ತಾ ಅಂತ ಕೇಳಿದೆ. "ನೆಟ್ಟಗೆ ಹೇಳಕ್ಕೆ ಬಾಯಿ ಬರ್ತಿರ್ಲಿಲ್ಲ. ಅಲ್ಲಿ ಹೇಳಿದ್ರೆ ಯಾರೋ ಕೇಳ್ತಾರೆ, ನಿಂಗೂ ಕೇಳಿಸ್ತದೆ ಅಂದ್ಕಂಡೆ," ಅಂದಳು.

ಮುಂದಿನ ಶನಿವಾರ ಯಜಮಾನರ ಹತ್ತಿರ ಹೋಗಿ, ಗುಂಪಿನಲ್ಲಿ ತಂಗಿ ಬರೆದದ್ದು ಮಾತ್ರ ಎದುರಿಗೆ ಬರುವ ಹಾಗೆ ಮಾಡಿಸಿದೆ. ಅದೂ ಸರಿಹೋಗಲಿಲ್ಲ. 'ಹಾಗಲ್ಲ, ಎರಡನೆಯದೇ ಸರಿ', 'ಅಯ್ಯೋ ಅವರಿಗೆ ಹೇಳಿ' ಅಂತೆಲ್ಲ ಅವಳ ಅರ್ಧರ್ಧ ಮಾತು ಮಾತ್ರ ಬರುತ್ತಿತ್ತು. ಮಿಕ್ಕವರು ಏನೆಂದರು ಅಂತ ತಿಳಿಯದೆ ನನ್ನ ತಂಗಿಯ ಮಾತು ನನಗೇ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಎಲ್ಲ ಏರ್ಪಾಟು ತೆಗೆಸಿ, ಗುಂಪನ್ನು ಇಡಿಯಾಗಿ ಒಳಗೆ ಬಿಟ್ಟುಕೊಂಡೆ. ಪೆಟ್ಟಿಗೆ ತುಂಬದಂತೆ ಪ್ರತಿ ಶನಿವಾರ ಓದುವುದು, ಅಳಿಸುವುದು. ನಾನೂ ಒಂದೆರಡು ಸಾಲು ಬರೆದೆ. ಅವಳು ಅಲ್ಲೇ, ಎಲ್ಲರೆದುರಿಗೇ, 'ಬಂದ್ಯಾ ಅಕ್ಕ' ಅಂದಳು.

ಮುಂದಿನ ವರ್ಷದ ಬೇಸಿಗೆಗೆ ತಂಗಿ ಊರಿಗೆ ಬಂದಳು. ಸೊರಗಿದ್ದಳು, ಆದರೆ ನಗುತ್ತಿದ್ದಳು. ಅವಳನ್ನು ನೋಡಬೇಕೆಂದು ಗುಂಪಿನ ಹೆಂಗಸೊಬ್ಬರು ಸಕಲೇಶಪುರದಿಂದ ನಮ್ಮ ಆಲೂರಿನ ಮನೆಗೇ ಬಂದರು. ಬಾಗಿಲಲ್ಲೇ ಇಬ್ಬರೂ ತಬ್ಬಿಕೊಂಡರು. ನಾನು ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತೆ. ಅವರಿಬ್ಬರ ಮಾತು ಮುಗಿಯುವ ಹಾಗೇ ಕಾಣಲಿಲ್ಲ. ನನ್ನ ಮನೆಯಲ್ಲಿ ನಾನು ಎಲ್ಲಿ ಕೂರಬೇಕು ಅಂತ ತೋಚಲಿಲ್ಲ.

ಆಕೆಯೇ ನನ್ನ ಕಡೆ ತಿರುಗಿ, "ನೀವೂ ನಮ್ಮ ಗುಂಪಲ್ಲಿದ್ದೀರಂತೆ? ಯಾವ ಹೆಸರಲ್ಲಿ ಬರೀತೀರಿ?" ಅಂದರು.

ಹೇಳಿದೆ. ಆಕೆ ತುಂಬ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ. ತಂಗಿ ಜಾಗ ಮಾಡಿಕೊಟ್ಟು, "ಬಾ, ಇಲ್ಲಿ ಕೂತ್ಕೊ," ಅಂದಳು.