ನಾನು ಬಿಟ್ಟು ಓದಿದ ಸಾಲು

ಹೋದ ತಿಂಗಳು ಕೊಟ್ಟಾರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು ನನ್ನ ಪಕ್ಕ ಕೂತರು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದೊಳಗಿಂದ ಹೊಗೆಸೊಪ್ಪಿನ ವಾಸನೆ. ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೊರಟವರು. ಈ ವಾಸನೆ ನಿಮಗೆ ಹಿಡಿಸದೆ ಇರಬಹುದು. ನನಗೆ ಮಾತ್ರ ಅಮ್ಮನ ಸೆರಗಿನ ವಾಸನೆ ಎಂದರೆ ಇದೇ. ನಾನು ಹೋಗುತ್ತಿದ್ದದ್ದು ಕಾಲೇಜು ಹುಡುಗಿಯರ ಒಂದು ಶಿಬಿರಕ್ಕೆ, ಬರವಣಿಗೆಯಲ್ಲಿ ಸತ್ಯ ಎಂಬ ವಿಷಯದ ಮೇಲೆ ಮಾತನಾಡಲು. ನಾಲ್ಕು ಪುಸ್ತಕ ಬರೆದು, ಟೀಚರ್ ಕೆಲಸದಿಂದ ನಿವೃತ್ತಳಾಗಿ, ಕೂದಲು ಬೆಳ್ಳಗಾಯಿತೆಂದರೆ ಇಂಥ ವಿಷಯಗಳು ತಾವಾಗಿಯೇ ಗಂಟುಬೀಳುತ್ತವೆ.

ಅಲ್ಲಿ ಒಬ್ಬಳು ಎದ್ದು ನಿಂತು ಕೇಳಿದಳು, "ಮೇಡಂ, ನಿಮಗೆ ಬರೀಲಿಕ್ಕೆ ಕಲಿಸಿದ್ದು ಯಾರು?" ನಾನು ಎಂದಿನಂತೆ ಲಲಿತಕ್ಕನ ಕಥೆ ಹೇಳಿದೆ. ಓದುಬರಹ ಬಾರದ ನೆರೆಮನೆಯವರಿಗೆ ಹದಿನೇಳರ ನಾನು ಕಾಗದ ಬರೆದುಕೊಡುತ್ತಿದ್ದುದು, ಆಮೇಲೆ ಅಕ್ಷರ ಕಲಿಸಿದ್ದು, ಅವರು ಸ್ವತಃ ಕಾಗದ ಬರೆದದ್ದು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನ್ನ ಎರಡನೆಯ ಪುಸ್ತಕದಲ್ಲೂ ಈ ಕಥೆ ಇದೆ. ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಬಸ್ಸಿನ ಆ ವಾಸನೆ ಇನ್ನೂ ಮೂಗಿನಲ್ಲಿತ್ತೋ ಏನೋ, ಅವತ್ತಿನ ಚಪ್ಪಾಳೆಗೆ ನನಗೆ ನಾಚಿಕೆಯಾಯಿತು. ಹೇಳದೆ ಬಿಟ್ಟದ್ದನ್ನು ಈಗ ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಬೋಳಾರದಲ್ಲಿ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮದು ಐದು ಮನೆಗಳ ವಠಾರ. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ಬೀಡಿ ಕಟ್ಟಲು ಲಲಿತಕ್ಕನ ಜಗಲಿಯಲ್ಲಿ ಸೇರುತ್ತಿದ್ದರು. ಪ್ರತಿಯೊಬ್ಬರ ಮಡಿಲಲ್ಲೂ ಬೆತ್ತದ ಮೊರ, ಮೊರದಲ್ಲಿ ಎಲೆ, ಸೊಪ್ಪು, ನೂಲು, ಕತ್ತರಿ. ಕೈಗೆ ಕೆಲಸವಿದ್ದರೆ ಬಾಯಿಗೆ ಬಿಡುವು. ಲಲಿತಕ್ಕನ ಗಂಡ ಮೋನಪ್ಪಣ್ಣ ಮಸ್ಕತ್ತಿನಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಅಡುಗೆಗಿದ್ದರು. ಮನೆಯಲ್ಲಿದ್ದದ್ದು ಲಲಿತಕ್ಕ, ಇಬ್ಬರು ಮಕ್ಕಳು, ಮತ್ತು ಮೋನಪ್ಪಣ್ಣನ ತಾಯಿ.

ನಮ್ಮ ಊರಿನ ಒಂದು ವಿಚಿತ್ರ ನಿಮಗೆ ಗೊತ್ತಿರಬೇಕು. ನಾವು ಜಗಳ ಮಾಡುವುದು, ಅಳುವುದು, ಮಗುವನ್ನು ಮುದ್ದು ಮಾಡುವುದು ಎಲ್ಲ ತುಳುವಿನಲ್ಲಿ. ಕಾಗದ ಬರೆಯುವುದು ಕನ್ನಡದಲ್ಲಿ. ಹಾಗಾಗಿ ಲಲಿತಕ್ಕ ತುಳುವಿನಲ್ಲಿ ಹೇಳಬೇಕು, ನಾನು ಕನ್ನಡದಲ್ಲಿ ಬರೆಯಬೇಕು. ಉತ್ತರ ಬಂದಾಗ ಕನ್ನಡದ್ದನ್ನು ತುಳು ಮಾಡಿ ಹೇಳಬೇಕು. ನಡುವೆ ಏನು ನಡೆಯಿತೆಂದು ಕೇಳುವವರು ಯಾರೂ ಇರಲಿಲ್ಲ. ಆ ವರ್ಷ ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬೇರೆ ಬಂದಿತ್ತು. ಲಲಿತಕ್ಕ, "ಬಾವಿಯಲ್ಲಿ ನೀರಿಲ್ಲ, ಸಣ್ಣವನಿಗೆ ಕಜ್ಜಿ ಆಗಿದೆ ಅಂತ ಬರಿ" ಎಂದರೆ ನನ್ನ ಪೆನ್ನಿಗೆ ಅದು ತೀರಾ ಸಪ್ಪೆ. "ತಮ್ಮ ನೆನಪೆಂಬ ನಂದಾದೀಪವು ಹೃದಯಮಂದಿರದಲ್ಲಿ ಬೆಳಗುತ್ತಿರುವುದು" ಎಂದು ಶುರುಮಾಡಿ, ಕಜ್ಜಿಗೆ ಜಾಗ ಸಾಲದೆ ಅದನ್ನು ಬಿಟ್ಟೇಬಿಡುತ್ತಿದ್ದೆ.

ಮಳೆಗಾಲ ಮುಗಿಯುತ್ತಾ ಬಂದಾಗ ಲಲಿತಕ್ಕನ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಲಲಿತಕ್ಕ ಕತ್ತರಿ ಕೆಳಗಿಟ್ಟು ಹೇಳಿದರು, "ಸರಿ ಬರಿ ಆಯ್ತಾ. ಅತ್ತೆ ಗಂಜಿ ಕುಡಿಯುವುದಿಲ್ಲ. ಮಗ ಎಲ್ಲಿ ಅಂತ ಕೇಳ್ತಾ ಇದ್ದಾರೆ. ನನಗೊಬ್ಬಳಿಗೆ ಹೆದರಿಕೆ ಆಗ್ತದೆ. ಒಮ್ಮೆ ಬಂದು ಹೋಗಿ."

ನಾನು ಹಾಗೆ ಬರೆಯಲಿಲ್ಲ. ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ಬರೆಯಬಾರದೆಂಬುದು ನಮ್ಮ ವಠಾರದ ಕಟ್ಟುಪಾಡು. "ಅಲ್ಲಿ ಅವರ ಕಣ್ಣು ಒರೆಸ್ಲಿಕ್ಕೆ ಯಾರುಂಟು?" ಎಂದು ನನ್ನ ಅಮ್ಮ ಎಷ್ಟೋ ಸಲ ಹೇಳಿದ್ದರು. ಪಠ್ಯಪುಸ್ತಕದ ಪತ್ರಲೇಖನದಲ್ಲೂ ಎಲ್ಲರೂ ಸದಾ ಕ್ಷೇಮ. ಲಲಿತಕ್ಕನಿಗೆ ಈಗ ಸಂಕಟ, ನಾಳೆ ಇವರೇ ನನ್ನನ್ನು ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡೆ. "ಮಾತೃಶ್ರೀಯವರಿಗೆ ಕೊಂಚ ಆಯಾಸವಿತ್ತು, ಈಗ ಗುಣಮುಖರಾಗಿರುವರು, ತಾವು ಚಿಂತಿಸಬಾರದು" ಎಂದು ದುಂಡಗೆ ಬರೆದೆ. ಅಂಟು ಹಚ್ಚಿ ಮುಚ್ಚಿ, ನಾನೇ ಪೋಸ್ಟ್ ಡಬ್ಬಿಗೆ ಹಾಕಿ ಬಂದೆ.

ಮೂರು ವಾರದ ನಂತರ ಉತ್ತರ ಬಂತು. ಜಗಲಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸದೆ ಕಿವಿ ಮಾತ್ರ ನನ್ನ ಕಡೆ ಇಟ್ಟಿದ್ದರು. ಮೋನಪ್ಪಣ್ಣನ ಅಕ್ಷರ ಕೋಳಿ ಕೆದಕಿದಂತೆ, ಆದರೆ ಸಾಲು ಸ್ಪಷ್ಟವಿತ್ತು. "ಅರಬಿ ಈಗ ಬೇಕಾದರೆ ಊರಿಗೆ ಹೋಗಿ ಬಾ ಅಂದ. ಅಮ್ಮ ಹುಷಾರಿದ್ದಾಳೆ ಅಂತ ನೀನು ಬರೆದ ಕಾರಣ ಬೇಡ ಅಂದೆ. ಅವಳಿಗೆ ಏನಾದರೂ ಹೆಚ್ಚುಕಮ್ಮಿ ಆದರೆ ಟೆಲಿಗ್ರಾಂ ಕೊಡು, ಆ ಕೂಡಲೇ ಹೊರಡುತ್ತೇನೆ." ಇದನ್ನು ಓದಿದರೆ ಹಿಂದಿನ ಕಾಗದದಲ್ಲಿ ನಾನು ಬರೆದದ್ದೇನೆಂದು ಎಲ್ಲರಿಗೂ ತಿಳಿಯುತ್ತದೆ. ನಾನು ಆ ಸಾಲುಗಳನ್ನು ದಾಟಿ, ಮಕ್ಕಳ ವಿಚಾರ ಕೇಳಿದ್ದನ್ನು ಓದಿದೆ.

"ಬರ್ತೇನೆ ಅಂತ ಇಲ್ವಾ?" ಲಲಿತಕ್ಕ ಕೇಳಿದರು.

"ಇಲ್ಲ" ಎಂದೆ.

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದು ಮಡಚಿ ತಗಡಿನ ಪೆಟ್ಟಿಗೆಗೆ ಹಾಕಿ ಬಂದು ಮತ್ತೆ ಬೀಡಿ ಕಟ್ಟತೊಡಗಿದರು. ಅತ್ತೆ ಆಮೇಲೂ ಇಪ್ಪತ್ತಾರು ದಿನ ಬದುಕಿದ್ದರು. ದಿನಕ್ಕೆರಡು ಸಲ ಆ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಒಂದು ಟೆಲಿಗ್ರಾಂ ಸಾಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಇಪ್ಪತ್ತಾರು ದಿನ ಕಳೆದೆ. ಹದಿನೇಳು ವರ್ಷದ ಹುಡುಗಿಗೆ ಅಷ್ಟು ಧೈರ್ಯ ಎಲ್ಲಿ ಬರಬೇಕು ಎಂದು ನೀವು ಕೇಳಬಹುದು. ನಾನೂ ನನ್ನಲ್ಲಿ ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ.

ಅತ್ತೆ ತೀರಿಕೊಂಡ ಸುದ್ದಿ ಮಸ್ಕತ್ತಿಗೆ ಮುಟ್ಟಿದಾಗ ಇಲ್ಲಿ ಎಲ್ಲ ಮುಗಿದಿತ್ತು; ಮೋನಪ್ಪಣ್ಣ ಬಂದದ್ದು ಮರುವರ್ಷ. ಬಂದವರೇ ಹೆಂಡತಿಯನ್ನು ಕೇಳಿದರು, "ಹುಷಾರಿದ್ದಾರೆ ಅಂತ ಯಾಕೆ ಬರೆಸಿದೆ?" "ನಾನು ಹಾಗೆ ಹೇಳ್ಲೇ ಇಲ್ಲ" ಎಂದರು ಲಲಿತಕ್ಕ. ನನ್ನನ್ನು ಕರೆಸಿದರು. ಮೋನಪ್ಪಣ್ಣ ಜೋಪಾನವಾಗಿ ಇಟ್ಟುಕೊಂಡು ಬಂದ ನನ್ನ ಕಾಗದಗಳ ಕಟ್ಟು ಜಗಲಿಯಲ್ಲಿತ್ತು. "ಓದು ಮಗಾ, ನಾನೂ ಕೇಳ್ಬೇಕು" ಎಂದರು ಲಲಿತಕ್ಕ.

ನಂದಾದೀಪ, ಹೃದಯಮಂದಿರಗಳನ್ನೆಲ್ಲ ನಾನು ಬಾಯಿಬಿಟ್ಟು ತುಳುವಿನಲ್ಲಿ ಹೇಳಬೇಕಾಯಿತು. ತುಳುವಿನಲ್ಲಿ ಅವು ನಿಲ್ಲುವುದೇ ಇಲ್ಲ. ಬೇರೆ ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಪ್ರತಿಯೊಂದು ಕಾಗದ ಮುಗಿದಾಗಲೂ ಲಲಿತಕ್ಕ ಮೆಲ್ಲಗೆ, "ಇದು ನನ್ನ ಮಾತಲ್ಲ" ಎನ್ನುತ್ತಿದ್ದರು. ಕೊನೆಗೆ ಆ ಕಾಗದವೂ ಬಂತು. ಅದನ್ನೂ ಓದಿದೆ. ಅತ್ತೆ ಮಗನಿಗಾಗಿ ಕಾದದ್ದು ಗೊತ್ತಿದ್ದ ನನ್ನ ಅಮ್ಮ ತಲೆಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದರು.

ಆಗ ಮೋನಪ್ಪಣ್ಣ, "ಏನಾದರೂ ಆದರೆ ಟೆಲಿಗ್ರಾಂ ಕೊಡು ಅಂತ ನಾನು ಬರೆದಿದ್ದೆನಲ್ಲ?" ಎಂದರು.

ಲಲಿತಕ್ಕ ನನ್ನ ಮುಖ ನೋಡಿದರು. ನಾನು, "ಆ ಕಾಗದ ಬರ್ಲೇ ಇಲ್ಲ" ಎಂದೆ.

ಜಗಲಿಯಲ್ಲಿ ನಾನು ಓದಿದ್ದರಲ್ಲಿ ಟೆಲಿಗ್ರಾಂ ಮಾತಿರಲಿಲ್ಲವಲ್ಲ, ಅದು ಬೇರೆ ಕಾಗದ, ದಾರಿಯಲ್ಲಿ ಎಲ್ಲೋ ತಪ್ಪಿಹೋಗಿರಬೇಕು ಎಂದು ಎಲ್ಲರೂ ಒಪ್ಪಿದರು. ಆ ಕಾಲದಲ್ಲಿ ಕಾಗದ ತಪ್ಪುವುದು ದೊಡ್ಡ ಸಂಗತಿಯಲ್ಲ. ಮೊದಲಿನ ತಪ್ಪಿಗೆ ಅಮ್ಮ ನನ್ನನ್ನು ಬೈದರು, ಮೋನಪ್ಪಣ್ಣ "ಸಣ್ಣವಳು, ಬಿಡಿ" ಎಂದರು. ಎರಡನೆಯದಕ್ಕೆ ನನ್ನನ್ನು ಬೈಯುವವರೇ ಇರಲಿಲ್ಲ.

ಅವರು ಮಸ್ಕತ್ತಿಗೆ ಮರಳಿದ ಮರುದಿನ ಲಲಿತಕ್ಕ ಒಂದು ಸ್ಲೇಟು ಹಿಡಿದು ನಮ್ಮ ಮನೆಗೆ ಬಂದರು. "ನನಗೆ ಅಕ್ಷರ ಕಲಿಸು ಮಾರಾಯ್ತಿ. ಇನ್ನು ನನ್ನ ಕಾಗದ ನಾನೇ ಬರೀತೇನೆ." ಬೀಡಿ ಕಟ್ಟುವ ಬೆರಳಿಗೆ ಬಳಪ ಒಗ್ಗಲು ಹೆಚ್ಚು ದಿನ ಹಿಡಿಯಲಿಲ್ಲ. ಎಂಟು ತಿಂಗಳಲ್ಲಿ ಅವರು ಬರೆದ ಮೊದಲ ಕಾಗದವನ್ನು ತಪ್ಪು ನೋಡಲೆಂದು ನನಗೆ ಕೊಟ್ಟರು. "ಅಂಗಳದ ತೆಂಗಿನ ಮರ ಬಿತ್ತು. ಮನೆಗೆ ಬೀಳಲಿಲ್ಲ. ಸಣ್ಣವನು ನಿಮ್ಮ ಮುಖ ಮರೆತಿದ್ದಾನೆ. ನಾನು ಮರೆತಿಲ್ಲ." ಇಷ್ಟೇ. ಅಂಥ ಒಂದು ಪುಟ ಬರೆಯಲು ನಾನು ನಲವತ್ತು ವರ್ಷಗಳಿಂದ ಒದ್ದಾಡುತ್ತಿದ್ದೇನೆ. ಆಮೇಲೆ ವಠಾರದ ಉಳಿದ ಹೆಂಗಸರೂ ಕಾಗದ ಬರೆಸಲು ಹೋದದ್ದು ಲಲಿತಕ್ಕನ ಬಳಿಗೆ. ಅವರು ಹೇಳಿದಷ್ಟನ್ನೇ ಬರೆಯುತ್ತಿದ್ದರು. ಬರೆದ ಮೇಲೆ, "ನೀವೂ ಕಲೀರಿ, ನಾನು ಎಷ್ಟು ದಿನ ಅಂತ ಬರೀಲಿ?" ಎಂದು ಗದರಿಸುತ್ತಿದ್ದರು. ನಾಲ್ವರು ಕಲಿತರು. ನಮ್ಮ ಅಮ್ಮ ಐವತ್ತರಲ್ಲಿ ತನ್ನ ಹೆಸರು ಬರೆದದ್ದು ಅದೇ ಜಗಲಿಯಲ್ಲಿ. ಬಹುಮಾನದ ಹುಡುಗಿಗೆ ಅಲ್ಲಿ ಕೆಲಸ ಉಳಿಯಲಿಲ್ಲ.

ಇಲ್ಲಿಯವರೆಗೆ ಬರೆದು, ಪತ್ರಿಕೆಗೆ ಕಳಿಸುವ ಮೊದಲು, ಕಳೆದ ಭಾನುವಾರ ಕಾವೂರಿಗೆ ಹೋದೆ. ಲಲಿತಕ್ಕ ಮತ್ತು ಮೋನಪ್ಪಣ್ಣ ಈಗ ಅಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಹಾಳೆಗಳನ್ನು ಲಲಿತಕ್ಕನ ಕೈಗೆ ಕೊಟ್ಟು ಎದುರು ಕೂತೆ. ಅವರು ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪುಟ ಓದಿದರು. ಮುಗಿಸಿ ಹಾಳೆಗಳನ್ನು ಸರಿಯಾಗಿ ಜೋಡಿಸಿದರು.

"ನನಗೆ ಗೊತ್ತುಂಟು" ಎಂದರು.

"ಯಾವಾಗಿನಿಂದ?"

"ಓದ್ಲಿಕ್ಕೆ ಬಂದ ಮೇಲೆ ನಾನು ಮತ್ತೆಂತ ಓದ್ತೇನೆ ಮಾರಾಯ್ತಿ? ಪೆಟ್ಟಿಗೆಯಲ್ಲಿದ್ದ ಇವರ ಕಾಗದಗಳನ್ನೇ ಅಲ್ವಾ?"

ನಾನು ಕಲಿಸಿದ ಅಕ್ಷರಗಳಿಂದಲೇ ಅವರು ಅದನ್ನು ಓದಿದ್ದರು. ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ಆಮೇಲೆ ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದ್ದಾರೆ, ನನ್ನ ಪುಸ್ತಕ ಓದಿ ಫೋನು ಮಾಡಿದ್ದಾರೆ, ನನ್ನ ಮಗಳಿಗೆ ಹೆಸರಿಟ್ಟಿದ್ದಾರೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಲಲಿತಕ್ಕ?"

"ಅದು ನೀನು ಹೇಳ್ಬೇಕಾದ ಮಾತು. ಸಿಟ್ಟು ತುಂಬಾ ಬಂದಿತ್ತು. ಆಮೇಲೆ ಕಾದೆ. ನಿನ್ನ ಪುಸ್ತಕ ಬಂದಾಗ ಇದರಲ್ಲಿ ಇರ್ತದೆ ಅಂತ ಓದಿದೆ. ಇರಲಿಲ್ಲ."

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಹಾಳೆಗಳನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇವರಿಗೆ ನಾನೂ ಹೇಳ್ಲಿಲ್ಲ. ಕಾಗದ ತಪ್ಪಿತು ಅಂತಲೇ ಇದ್ದಾರೆ ಇವತ್ತಿಗೂ. ಒಳಗೆ ಮಲಗಿದ್ದಾರೆ, ಎಚ್ಚರ ಉಂಟು. ಕಣ್ಣು ಕಾಣುವುದಿಲ್ಲ ಈಗ. ನೀನು ಹೋಗಿ ಓದಿ ಹೇಳು. ಒಂದು ಸಾಲೂ ಬಿಡಬೇಡ."

ನಾನು ಎದ್ದು ಒಳಗೆ ಹೋದೆ. "ಯಾರು?" ಎಂದು ಮೋನಪ್ಪಣ್ಣ ಕೇಳಿದರು. ಹೆಸರು ಹೇಳಿ, ಅವರ ಮಂಚದ ಪಕ್ಕ ಕೂತು, ಮೊದಲ ಹಾಳೆಯನ್ನು ತುಳುವಿನಲ್ಲಿ ಓದಲು ಶುರುಮಾಡಿದೆ.