ಸೆರಗಿನ ಗಂಟಿನಲ್ಲಿ ಗಂಟಲು ಮಾತ್ರೆ

ತಾನು ದಿನವಿಡೀ ಎಷ್ಟು ಸಲ ಉಗುಳು ನುಂಗುತ್ತೇನೆಂಬುದು ಮನುಷ್ಯನಿಗೆ ತಿಳಿಯುವುದು ಗಂಟಲು ಕೆಟ್ಟಾಗ ಮಾತ್ರ. ಮೊನ್ನೆ ಶಿಕಾರಿಪುರದಲ್ಲಿ ಈ ಜ್ಞಾನೋದಯವಾಗಿ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ಚೀಪುವ ಮಾತ್ರೆಯ ಪಟ್ಟಿಯೊಂದನ್ನು ಕೊಟ್ಟು, "ನೋವು ಸ್ವಲ್ಪ ಹೊತ್ತು ತಗ್ಗತೈತ್ರೀ. ಕಾಯಿಲೆ ಮಾತ್ರ ತಾನಾಗೇ ಹೋಗ್ಬೇಕು" ಎಂದರು. ಸೊರಬದ ಬಸ್ಸಿನಲ್ಲಿ ಕೂತು ಒಂದನ್ನು ಬಾಯಿಗಿಟ್ಟುಕೊಂಡೆ. ತಂಪು ನಿಧಾನವಾಗಿ ಇಳಿಯಿತು, ನಾಲಿಗೆ ಜೋಮು ಹಿಡಿಯಿತು, ಗಂಟಲಿನ ಮುಳ್ಳು ಮೊಂಡಾಯಿತು. ಜಗಳಗಂಟ ನೆಂಟನನ್ನು ಓಡಿಸಲಾಗದಿದ್ದರೂ ಜಗಲಿಯಲ್ಲಿ ಕೂರಿಸಿ ಮಾತಿಗೆಳೆಯುವ ಮನೆಯಾಕೆಯಂತೆ, ಈ ಮಾತ್ರೆ ನನ್ನ ನೋವನ್ನು ಬಹು ಮರ್ಯಾದೆಯಿಂದ ಸಂಭಾಳಿಸುತ್ತಿತ್ತು.

ಪಕ್ಕದಲ್ಲಿ ಕುಪ್ಪಗಡ್ಡೆಯ ಅಜ್ಜಿಯೊಬ್ಬರು ಕೆಮ್ಮುತ್ತಿದ್ದರು. ಅರೆವೈದ್ಯನ ಔದಾರ್ಯದಿಂದ ಅವರಿಗೂ ಒಂದು ಕೊಟ್ಟೆ. ಅವರು ಚೀಪಲಿಲ್ಲ; ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

"ನನ್ ಕೆಮ್ಮು ಹೆಂಗೂ ಇರ್ತದೆ ಮಾರಾಯ್ರೇ. ಯಾವ್ದಾದ್ರೂ ಮಗೀಗೆ ಆಗ್ತದೆ."

"ಅಜ್ಜಿ, ಅದು ಔಷಧಿ."

"ಪೆಪ್ಪರಮೆಂಟ್ ವಾಸನೆ ಬರ್ತದಲ್ರೀ!"

ಶಿರಾಳಕೊಪ್ಪದಲ್ಲಿ ಹತ್ತಿ ನಮ್ಮೆದುರಿನ ಸೀಟಿನಲ್ಲಿ ಕೂತ ತಾಯಿಯೊಬ್ಬಳ ತೊಡೆಯ ಮೇಲೆ, ಎರಡು ಮೂರು ವರ್ಷದ ಮಗುವೊಂದು ಸೆಖೆಗೆ ಅಳತೊಡಗಿತು. ಅಜ್ಜಿ ಗಂಟು ಬಿಚ್ಚಿದರು. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಮಾತ್ರೆ ಮಗುವಿನ ಬಾಯಲ್ಲಿತ್ತು. ಬಸ್ಸು ರಸ್ತೆಯುಬ್ಬಿನ ಮೇಲೆ ಎಗರಿತು.

ಅಳು ನಿಂತಿತು.

"ನೋಡ್ರೀ, ಸುಮ್ನಾತು" ಎಂದು ಅಜ್ಜಿ ನಕ್ಕರು.

ಅದು ಸಮಾಧಾನದ ಮೌನವಲ್ಲವೆಂದು ಮೊದಲು ತಿಳಿದದ್ದು ತಾಯಿಗೆ. ಮಗುವಿನ ಬಾಯಿ ತೆರೆದಿತ್ತು, ಕಣ್ಣು ಅಗಲವಾಗಿತ್ತು, ಉಸಿರಿರಲಿಲ್ಲ. ಆಕೆ ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ತಲೆಯನ್ನು ತಗ್ಗಿಸಿ, ಬೆನ್ನಿಗೆ ಅಂಗೈಯಿಂದ ಬಡಿದಳು. ಮತ್ತೆ ಬಡಿದಳು. ಮಾತ್ರೆ ನನ್ನ ಚಪ್ಪಲಿಯ ಬಳಿ ಬಂದು ಬಿತ್ತು. ಆಮೇಲೆ ಎದ್ದ ಆ ಕರ್ಕಶವಾದ ಅಳುವಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

"ನಾ ಕೊಂದೇಬಿಡ್ತಿದ್ನಲ್ಲೇ ತಾಯಿ" ಎಂದ ಅಜ್ಜಿಯ ಕೈಗಳು ನಿಲ್ಲದೆ ನಡುಗುತ್ತಿದ್ದವು. ಹಿಂದಿನಿಂದ ಯಾರೋ, "ಇಷ್ಟು ವಯಸ್ಸಾಗೈತಿ, ಬುದ್ಧಿ ಬ್ಯಾಡೇನ್ರೀ?" ಎಂದರು. ಅಜ್ಜಿ ಚೀಲವೆತ್ತಿಕೊಂಡು, ಬಾಗಿಲ ಬಳಿ ಹೋಗಿ ನಿಲ್ಲಲು ಎದ್ದರು.

"ಸುಮ್ಕಿರ್ರೀ, ಅಳೋದು ನಿಲ್ಲಲಿ ಅಂತ ನಾನಾಗಿದ್ರೂ ಕೊಡ್ತಿದ್ದೆ" ಎಂದು ತಾಯಿ ಹಿಂದಕ್ಕೆ ಗದರಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಎಲ್ಲಿಗ್ ಹೋಗ್ತೀರಮ್ಮ? ಕೂತ್ಕಳಿ. ಇವಳನ್ನ ಒಂಚೂರು ಹಿಡ್ಕಳಿ, ಮುಖ ಒರೆಸಕ್ಕೆ ಟವಲ್ ಹುಡುಕ್ತೀನಿ" ಎಂದು ಮಗುವನ್ನು ಆ ನಡುಗುವ ಕೈಗಳಿಗೇ ಕೊಟ್ಟಳು.

ಟವಲು ಅವಳ ಚೀಲದ ಮೇಲುಗಡೆಯೇ ಕಾಣುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ಹುಡುಕಿದಳು.